ಎಷ್ಟು ಹೊತ್ತು ಹಾಡಿದರೆ ಸಾಕು?

ಗಾಯಕನೊಬ್ಬನು ಎಷ್ಟು ಹೊತ್ತು ಹಾಡಿದನೆಂಬುದು ಅವನು ಹೇಗೆ ಹಾಡಿದನೆಂಬುದಕ್ಕೆ ಪ್ರಮಾಣವಾಗಲಾರದೆಂದು ಎಲ್ಲರೂ ಬಾಯಲ್ಲಿ ಒಪ್ಪುವರು. ಆದರೆ ಅದೇ ಗಾಯಕನು ಹಿಂದಿನ ಸಲ ನಾಲ್ಕು ಗಂಟೆ ಹಾಡಿ ಈ ಸಲ ಮೂರು ಗಂಟೆಯೊಳಗೆ ವೇದಿಕೆಯಿಂದಿಳಿದನೆಂದರೆ, ಹಾಗೆ ಒಪ್ಪಿದವರೇ ಏನನ್ನೋ ಕಳೆದುಕೊಂಡವರಂತೆ ಲೆಕ್ಕ ಹಾಕತೊಡಗುವರು. ಪಾಶ್ಚಾತ್ಯ ರಾಕ್ ಸಂಗೀತದ ಜಗತ್ತಿನಲ್ಲಿ ಈ ಲೆಕ್ಕವು ಒಂದು ವ್ಯಾಸಂಗದ ಮಟ್ಟಕ್ಕೆ ಬೆಳೆದಿದೆ. ಯಾವ ಊರಿನಲ್ಲಿ ಯಾವ ದಿನ ಎಷ್ಟು ಹಾಡು, ಎಷ್ಟು ಗಂಟೆ, ಎಷ್ಟು ನಿಮಿಷ ಎಂಬುದನ್ನೆಲ್ಲ ಬರೆದಿಟ್ಟುಕೊಂಡು, ಒಂದು ಪ್ರವಾಸವನ್ನು ಮತ್ತೊಂದರ ಪಕ್ಕದಲ್ಲಿರಿಸಿ ತೂಗುವ ಅಭಿಮಾನಿಗಳು ಅನೇಕ ದೇಶಗಳಲ್ಲಿದ್ದಾರೆ. ಅವರ ಶ್ರದ್ಧೆಯನ್ನು ನಾನು ಲಘುವಾಗಿ ಕಾಣುವವನಲ್ಲ; ಪ್ರೀತಿಯಿಲ್ಲದವನು ನಿಮಿಷಗಳನ್ನು ನೆನಪಿನಲ್ಲಿಡುವುದಿಲ್ಲ. ಆದರೆ ಆ ಲೆಕ್ಕದಿಂದ ಹೊರಡುವ ತೀರ್ಪು ಎಷ್ಟರಮಟ್ಟಿಗೆ ನ್ಯಾಯವಾದುದೆಂಬುದು ವಿಚಾರಾರ್ಹವಾದ ವಿಷಯ.

ನಿದರ್ಶನಕ್ಕಾಗಿ ನಾನು ತೆಗೆದುಕೊಳ್ಳುವುದು ಅಮೆರಿಕದ ನ್ಯೂಜರ್ಸಿ ಸಂಸ್ಥಾನದ ಬ್ರೂಸ್ ಸ್ಪ್ರಿಂಗ್‌ಸ್ಟೀನರನ್ನೂ ಅವರ ಇ ಸ್ಟ್ರೀಟ್ ಬ್ಯಾಂಡನ್ನೂ. 1972ರಲ್ಲಿ ಕೂಡಿಕೊಂಡ ಈ ತಂಡವು, ನಡುವೆ ಹತ್ತು ವರ್ಷಗಳ ಕಾಲ ಚದುರಿ ಹೋದದ್ದನ್ನು ಬಿಟ್ಟರೆ, ಅರ್ಧ ಶತಮಾನದುದ್ದಕ್ಕೂ ಊರೂರು ತಿರುಗಿ ಹಾಡಿದೆ. 2012ರ ಜುಲೈ 31ರಂದು ಫಿನ್ಲೆಂಡಿನ ಹೆಲ್ಸಿಂಕಿ ನಗರದ ಒಲಿಂಪಿಕ್ ಕ್ರೀಡಾಂಗಣದಲ್ಲಿ ಅವರ ಕಛೇರಿ 4 ಗಂಟೆ 6 ನಿಮಿಷಗಳ ಕಾಲ ನಡೆಯಿತು. ಅವರ ಜೀವಮಾನದಲ್ಲಿ ಅದೇ ಅತ್ಯಂತ ದೀರ್ಘವಾದುದು. 2023ರ ಫೆಬ್ರವರಿ 1ರಂದು ಫ್ಲಾರಿಡಾದ ಟ್ಯಾಂಪಾ ನಗರದಲ್ಲಿ ಹೊಸ ಪ್ರವಾಸವನ್ನಾರಂಭಿಸಿದಾಗ ಕಛೇರಿ ಮೂರು ಗಂಟೆಯೊಳಗೇ ಮುಗಿಯಿತು. ಆ ವರ್ಷ ಬಹುತೇಕ ಊರುಗಳಲ್ಲಿ ಹೆಚ್ಚುಕಡಿಮೆ ಅವೇ ಹಾಡುಗಳು ಅದೇ ಕ್ರಮದಲ್ಲಿ ಬಂದು, ಅಷ್ಟೇ ಹೊತ್ತಿಗೆ ಮುಗಿದವು. ವಯಸ್ಸಾಯಿತು, ಉತ್ಸಾಹ ಕುಗ್ಗಿತು, ಟಿಕೆಟ್ಟಿನ ಬೆಲೆ ಏರಿತು, ಹಾಡು ಇಳಿಯಿತು ಎಂಬ ಮಾತು ಆಗ ಕೇಳಿಬಂದಿತು. ಈ ಮಾತಿನಲ್ಲಿ ಬೆಲೆಯ ವಿಷಯವೊಂದು ನಿಜ, ಉಳಿದುದೆಲ್ಲ ಅಪಾರ್ಥ ಎಂಬುದು ನನ್ನ ಮತ. ಕಛೇರಿಯ ಉದ್ದವು ಪ್ರತಿಯೊಂದು ಪ್ರವಾಸದಲ್ಲೂ ಆ ಕಾಲದ ಅಗತ್ಯದಿಂದ ಹುಟ್ಟಿದುದೇ ಹೊರತು, ಕಲಾವಿದನು ತನ್ನ ಶ್ರೋತೃಗಳಿಗೆ ತೀರಿಸಬೇಕಾದ ಬಾಕಿಯಲ್ಲ. ಇದನ್ನು ಆ ತಂಡದ ಇತಿಹಾಸವೇ ಸಾಧಿಸಿ ತೋರಿಸುತ್ತದೆ.

ಮೊದಲು ಒಂದು ವಿಷಯವನ್ನು ಸ್ಪಷ್ಟಪಡಿಸಿಕೊಳ್ಳಬೇಕು. ರಾಕ್ ಕಛೇರಿಯೆಂದರೆ ಎರಡು ಮೂರು ಗಂಟೆಗಳದ್ದೆಂಬ ಎಣಿಕೆ ಇಂದು ಸಹಜವೆಂದು ತೋರಿದರೂ, ಆ ಸಂಗೀತ ಹುಟ್ಟಿದ ಕಾಲದಲ್ಲಿ ಅಂಥ ಎಣಿಕೆ ಇರಲಿಲ್ಲ. 1966ರ ಆಗಸ್ಟ್ 29ರಂದು ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಂಡಲ್‌ಸ್ಟಿಕ್ ಪಾರ್ಕಿನಲ್ಲಿ ಬೀಟಲ್ಸ್ ತಂಡವು ತನ್ನ ಕೊನೆಯ ಪ್ರವಾಸದ ಕೊನೆಯ ಕಛೇರಿಯನ್ನು ನಡೆಸಿದಾಗ, ಜಗತ್ತಿನ ಅತ್ಯಂತ ಪ್ರಸಿದ್ಧವಾದ ಆ ನಾಲ್ವರು ಹಾಡಿದ್ದು ಹನ್ನೊಂದು ಹಾಡು, ತೆಗೆದುಕೊಂಡದ್ದು ಅರ್ಧ ಗಂಟೆಗಿಂತ ತುಸು ಹೆಚ್ಚು ಹೊತ್ತು. ಇದು ಅವರ ಔದಾಸೀನ್ಯವಲ್ಲ. ಅಂದಿನ ಪದ್ಧತಿಯಂತೆ ಒಂದೇ ಟಿಕೆಟ್ಟಿಗೆ ನಾಲ್ಕಾರು ತಂಡಗಳು ಒಂದರ ಹಿಂದೊಂದು ವೇದಿಕೆಯೇರಬೇಕಾಗಿತ್ತು. ಧ್ವನಿವರ್ಧಕಗಳು ಕ್ರೀಡಾಂಗಣದ ವಿಸ್ತಾರಕ್ಕೆ ಸಾಲುತ್ತಿರಲಿಲ್ಲ. ತಾವು ನುಡಿಸುತ್ತಿರುವುದು ತಮಗೇ ಕೇಳುವಂತೆ ಮಾಡುವ ಸಾಧನಗಳು ವೇದಿಕೆಯ ಮೇಲಿರಲಿಲ್ಲ. ಶ್ರೋತೃಗಳ ಕೂಗಿನಲ್ಲಿ ಹಾಡು ಮುಳುಗಿ ಹೋಗುತ್ತಿತ್ತು. ಹಾಡು ಕೇಳಿಸದಿರುವಲ್ಲಿ ಅದನ್ನು ಲಂಬಿಸುವುದರಿಂದ ಪ್ರಯೋಜನವೇನು? ಯಂತ್ರ ಸುಧಾರಿಸಿತು, ಪದ್ಧತಿ ಬದಲಾಯಿತು, ಕೂಗುವವರು ಕೇಳುವವರಾದರು. ಅನಂತರ ಕಛೇರಿ ಬೆಳೆಯಿತು. ಆದ್ದರಿಂದ ಮೂರು ಗಂಟೆಯೆಂಬುದು ಅನಾದಿಯಾದ ನಿಯಮವಲ್ಲ, ಕೆಲವರು ಕೆಲವು ಕಾರಣಗಳಿಗಾಗಿ ನಿರ್ಮಿಸಿದ ಒಂದು ರೂಪ.

ಇ ಸ್ಟ್ರೀಟ್ ಬ್ಯಾಂಡಿನ ಕಾರಣಗಳು ಯಾವುವು? ಒಂದನೆಯದು ಅವರು ಬೆಳೆದ ನೆಲ. ನ್ಯೂಜರ್ಸಿಯ ಕಡಲತೀರದ ಆಸ್ಬರಿ ಪಾರ್ಕ್ ಎಂಬ ಊರಿನ ಪಾನಗೃಹಗಳಲ್ಲಿಯೂ ಕ್ಲಬ್ಬುಗಳಲ್ಲಿಯೂ ಈ ಯುವಕರು ಅಭ್ಯಾಸ ಮಾಡಿದವರು. ಅಲ್ಲಿ ಒಂದೇ ರಾತ್ರಿಯಲ್ಲಿ ಹಲವು ಸರದಿಗಳಲ್ಲಿ ನುಡಿಸಬೇಕು. ಕುಣಿಯಲು ಬಂದವರನ್ನು ಕೂರಗೊಡಬಾರದು. ಜನ ಎದ್ದು ಹೋದರೆ ಮರುದಿನ ಕೆಲಸವಿಲ್ಲ. ಎರಡನೆಯದು ಮನೆಯ ಸಂಸ್ಕಾರ. ಫ್ರೀಹೋಲ್ಡ್ ಎಂಬ ಸಣ್ಣ ಊರಿನಲ್ಲಿ ಸ್ಪ್ರಿಂಗ್‌ಸ್ಟೀನರ ತಂದೆ ಕಾರ್ಖಾನೆಯಲ್ಲಿ ದುಡಿದರು, ಬಸ್ಸು ನಡೆಸಿದರು, ಸೆರೆಮನೆಯ ಕಾವಲುಗಾರರಾಗಿದ್ದರು. ತಾಯಿ ವಕೀಲರ ಕಛೇರಿಯಲ್ಲಿ ಕಾರ್ಯದರ್ಶಿಯಾಗಿ ಕೆಲಸ ಮಾಡಿ ಮನೆಯನ್ನು ಹಿಡಿದು ನಿಲ್ಲಿಸಿದರು. ಅಂಥ ಮನೆಯಲ್ಲಿ ಬೆಳೆದವನಿಗೆ ಹಾಡುವುದೂ ಒಂದು ದುಡಿಮೆ. ದುಡಿದು ಬಂದವನ ಹಣಕ್ಕೆ ತಾನೂ ಮೈಮುರಿದು ದುಡಿಯಬೇಕೆಂಬುದು ಅವನಿಗೆ ಸಿದ್ಧಾಂತವಾಗಿ ಅಲ್ಲ, ಸ್ವಭಾವವಾಗಿಯೇ ಬಂದದ್ದು. ಮೂರನೆಯದು ಒಂದು ಕಷ್ಟ. 1975ರಲ್ಲಿ ‘ಬಾರ್ನ್ ಟು ರನ್’ ಆಲ್ಬಮ್ಮಿನಿಂದ ಖ್ಯಾತಿ ಬಂದ ಮರುವರ್ಷವೇ, ತಮ್ಮ ವ್ಯವಸ್ಥಾಪಕರೊಡನೆ ನಡೆದ ವ್ಯಾಜ್ಯದ ದೆಸೆಯಿಂದ, ಹೊಸ ಹಾಡುಗಳನ್ನು ಧ್ವನಿಮುದ್ರಿಸುವ ಸ್ವಾತಂತ್ರ್ಯವೇ ಅವರಿಗೆ ಸುಮಾರು ಒಂದು ವರ್ಷದಷ್ಟು ಕಾಲ ಇಲ್ಲದಾಯಿತು. ಆ ಅವಧಿಯಲ್ಲಿ ಜೀವನೋಪಾಯವೂ ಅಭಿವ್ಯಕ್ತಿಯೂ ಎರಡೂ ವೇದಿಕೆಯೊಂದರಿಂದಲೇ ಸಾಗಬೇಕಾಯಿತು. ಬಾಯಿಗೆ ಹಾಕಿದ ಆ ಬೀಗವನ್ನು ತೆಗೆದಾಗ ಹೊರಬಂದ ಪ್ರವಾಹವೇ 1978ರ ಪ್ರವಾಸ.

ಆ ವರ್ಷದ ಕಛೇರಿಗಳು ಸುಮಾರು ಮೂರು ಗಂಟೆ ನಡೆಯುತ್ತಿದ್ದವು. ಆದರೆ ಅವುಗಳ ಉದ್ದಕ್ಕಿಂತ ಅವುಗಳ ಅಂಗವಿನ್ಯಾಸ ಗಮನಾರ್ಹವಾದುದು. ನಾಟಕದಂತೆ ಎರಡು ಭಾಗ, ನಡುವೆ ವಿರಾಮ. ಪೂರ್ವಾರ್ಧದಲ್ಲಿ ‘ಡಾರ್ಕ್‌ನೆಸ್ ಆನ್ ದಿ ಎಡ್ಜ್ ಆಫ್ ಟೌನ್’ ಆಲ್ಬಮ್ಮಿನ ಗಂಭೀರವಾದ ಹಾಡುಗಳು, ಉತ್ತರಾರ್ಧದಲ್ಲಿ ಉಲ್ಲಾಸ, ಕೊನೆಯಲ್ಲಿ ಜನ ಬೇಡಿ ಬೇಡಿ ಹಾಡಿಸಿಕೊಳ್ಳುವ ಹಾಡುಗಳು. ಹಾಡಿನ ನಡುವೆ ಹಾಡು ನಿಲ್ಲಿಸಿ ತಂದೆಯೊಡನೆ ತಮಗಿದ್ದ ವಿರಸವನ್ನು ಸ್ಪ್ರಿಂಗ್‌ಸ್ಟೀನರು ಕಥೆಯಂತೆ ಹೇಳುತ್ತಿದ್ದರು. ಹಿಂದೆ ಪಿಯಾನೋ ಮೆಲ್ಲಗೆ ನುಡಿಯುತ್ತಿರಲು ಕಥೆ ಬೆಳೆದು, ಹಾಡಿನೊಳಕ್ಕೆ ಮರಳಿ ಬರುತ್ತಿತ್ತು. ರೇಡಿಯೋದಲ್ಲಿ ಪ್ರಸಾರವಾದ ಆ ವರ್ಷದ ಕೆಲವು ಕಛೇರಿಗಳು, ಅದರಲ್ಲಿಯೂ ಆಗಸ್ಟ್ 9ರಂದು ಕ್ಲೀವ್‌ಲೆಂಡಿನ ಅಗೋರಾ ಸಭಾಂಗಣದಲ್ಲಿ ನಡೆದದ್ದು, ಈ ತಂಡವನ್ನು ಕಣ್ಣಾರೆ ಕಾಣದವರಿಗೂ ಇವರ ಬಲವೆಷ್ಟೆಂಬುದನ್ನು ತಿಳಿಸಿದವು. ಇಲ್ಲಿ ಉದ್ದವೆಂಬುದು ಕಥನಕ್ಕೆ ಬೇಕಾದ ಅವಕಾಶ. ಮೂರು ಗಂಟೆಯಿಲ್ಲದೆ ಆ ಆರೋಹಣವೂ ಆ ವಿಶ್ರಾಂತಿಯೂ ಆ ಅಂತಿಮ ಹರ್ಷವೂ ಸಾಧ್ಯವಾಗುತ್ತಿರಲಿಲ್ಲ.

1980ರಲ್ಲಿ ‘ದಿ ರಿವರ್’ ಎಂಬ ಜೋಡಿ ಆಲ್ಬಮ್ ಬಂದಿತು; ಅದರೊಡನೆ ಹೊಸದಾಗಿ ಇಪ್ಪತ್ತು ಹಾಡುಗಳು ಕೈಗೆ ಬಂದವು. ಹಳೆಯವನ್ನು ಬಿಡಲೊಲ್ಲದೆ ಹೊಸವನ್ನೂ ಹಾಡಹೊರಟಾಗ ಕಛೇರಿ ತಾನಾಗಿ ಬೆಳೆಯಿತು. ಆ ವರ್ಷದ ಡಿಸೆಂಬರ್ 8ರ ರಾತ್ರಿ ನ್ಯೂಯಾರ್ಕಿನಲ್ಲಿ ಜಾನ್ ಲೆನನ್ ಹತರಾದರು. ಮರುದಿನ ಫಿಲಡೆಲ್ಫಿಯಾದಲ್ಲಿ ಈ ತಂಡದ ಕಛೇರಿಯಿತ್ತು. ಹಾಡಲಾಗದಂಥ ಆ ದಿನವೂ ಹಾಡಿದರು. ಆ ತಿಂಗಳ ಕೊನೆಯ ದಿನ, ನ್ಯೂಯಾರ್ಕಿನ ಹೊರವಲಯದ ನಾಸೌ ಕಲಿಸಿಯಮ್ಮಿನಲ್ಲಿ ವರ್ಷ ಮುಗಿಯುವ ರಾತ್ರಿ, ಮೂವತ್ತೆಂಟು ಹಾಡುಗಳು ನಾಲ್ಕು ಗಂಟೆಯ ಸಮೀಪದವರೆಗೆ ನಡೆದವು. ಅನೇಕ ವರ್ಷಗಳವರೆಗೆ ಅವರ ಕಛೇರಿಗಳಲ್ಲಿ ಅದೇ ದೀರ್ಘತಮವಾದುದೆಂದು ಪ್ರಸಿದ್ಧವಾಗಿತ್ತು. ಮೂವತ್ತೊಂದರ ಪ್ರಾಯದ ಗಾಯಕ, ಹೊಸ ಹಾಡುಗಳ ಸಮೃದ್ಧಿ, ಹಳೆಯ ವರ್ಷವನ್ನು ಬೀಳ್ಕೊಡುವ ಸಂಭ್ರಮ: ಇಷ್ಟೂ ಕೂಡಿದ ರಾತ್ರಿಯ ಅಳತೆಯನ್ನು ಎಲ್ಲ ರಾತ್ರಿಗಳಿಗೂ ಹೇರುವುದು ಹೇಗೆ ನ್ಯಾಯವಾದೀತು?

ಅದೇ ತಂಡ, ಅದೇ ವರ್ಷ, ಎರಡು ಅಳತೆಗಳಲ್ಲಿ ಹಾಡಿದುದಕ್ಕೆ 1988 ಸಾಕ್ಷಿ. ಆ ಜುಲೈ 19ರಂದು ಪೂರ್ವ ಬರ್ಲಿನ್ನಿನ ವೈಸೆನ್ಸೇ ಎಂಬಲ್ಲಿ, ಗೋಡೆಯ ಆಚೆಗೆ, ಒಂದೂವರೆ ಲಕ್ಷಕ್ಕೂ ಮೀರಿದ ಜನಸ್ತೋಮದ ಮುಂದೆ ಅವರು ಮೂವತ್ತಕ್ಕೂ ಹೆಚ್ಚು ಹಾಡುಗಳನ್ನು ಹಾಡಿದರು. ನಡುವೆ ಸ್ಪ್ರಿಂಗ್‌ಸ್ಟೀನರು ಜರ್ಮನ್ ಭಾಷೆಯಲ್ಲಿ ನಾಲ್ಕು ಮಾತನಾಡಿ, ತಾವು ಯಾವ ಸರ್ಕಾರದ ಪರವಾಗಿಯೂ ವಿರೋಧವಾಗಿಯೂ ಬಂದವರಲ್ಲವೆಂದೂ, ಒಂದು ದಿನ ಎಲ್ಲ ಅಡೆತಡೆಗಳೂ ಉರುಳಿ ಬೀಳಲೆಂಬ ಆಸೆಯಿಂದ ಹಾಡಲು ಬಂದವರೆಂದೂ ಹೇಳಿದರು. ಮುಂದಿನ ವರ್ಷ ನವೆಂಬರಿನಲ್ಲಿ ಗೋಡೆ ಬಿದ್ದಿತು. ಅದಕ್ಕೂ ಇದಕ್ಕೂ ಕಾರ್ಯಕಾರಣ ಸಂಬಂಧವನ್ನು ಕಟ್ಟುವುದು ಅತಿಶಯೋಕ್ತಿಯಾದೀತು. ಆದರೆ ಇಂಥ ಸಂಗೀತವನ್ನು ವರ್ಷಗಟ್ಟಲೆ ಗುಟ್ಟಿನಲ್ಲಿ ಕೇಳಿ ಹಸಿದಿದ್ದ ಜನಕ್ಕೆ ಆ ರಾತ್ರಿ ಗಂಟೆಗಟ್ಟಲೆ ಹಾಡುವುದೇ ಧರ್ಮವಾಗಿದ್ದಿತೆಂಬುದರಲ್ಲಿ ಸಂಶಯವಿಲ್ಲ. ಅದೇ ವರ್ಷ ಸೆಪ್ಟೆಂಬರ್ 30ರಂದು ಅವರು ಭಾರತಕ್ಕೂ ಬಂದರು. ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯ ನಲವತ್ತನೆಯ ವರ್ಷದ ನಿಮಿತ್ತ ಆಮ್ನೆಸ್ಟಿ ಇಂಟರ್‌ನ್ಯಾಷನಲ್ ಸಂಸ್ಥೆಯ ಪರವಾಗಿ ನಡೆದ ಪ್ರಪಂಚ ಪ್ರವಾಸದಲ್ಲಿ, ದೆಹಲಿಯ ಜವಾಹರಲಾಲ್ ನೆಹರೂ ಕ್ರೀಡಾಂಗಣದ ವೇದಿಕೆಯನ್ನು ಅವರು ಸ್ಟಿಂಗ್, ಪೀಟರ್ ಗೇಬ್ರಿಯಲ್, ಟ್ರೇಸಿ ಚಾಪ್ಮನ್, ಯೂಸ್ಸು ಎನ್‌ಡೂರ್ ಇವರೊಡನೆ ಹಂಚಿಕೊಂಡರು. ಅಲ್ಲಿ ಅವರ ಪಾಲಿಗೆ ಬಂದದ್ದು ಇಡೀ ರಾತ್ರಿಯಲ್ಲ, ಅದರ ಒಂದು ಭಾಗ ಮಾತ್ರ, ಅದೇ ಉಚಿತವಾಗಿತ್ತು. ಐವರು ಸೇರಿ ಒಂದು ಮಾತನ್ನು ಹೇಳಬಂದಿರುವಾಗ ಒಬ್ಬನೇ ಮೂರು ಗಂಟೆ ನಿಂತರೆ ಅದು ಔದಾರ್ಯವಲ್ಲ, ಅವಿನಯ.

ಇನ್ನೂ ಸಂಕ್ಷಿಪ್ತವಾದ ನಿದರ್ಶನವೊಂದುಂಟು. 2009ರ ಫೆಬ್ರವರಿ 1ರಂದು, ಅಮೆರಿಕದ ಫುಟ್‌ಬಾಲ್ ಪಂದ್ಯಗಳ ಶಿಖರವೆನಿಸಿದ ಸೂಪರ್ ಬೌಲ್ ಟ್ಯಾಂಪಾದಲ್ಲಿ ನಡೆದಾಗ, ಆಟದ ವಿರಾಮಕಾಲದಲ್ಲಿ ಹಾಡಲು ಈ ತಂಡಕ್ಕೆ ದೊರೆತದ್ದು ಹನ್ನೆರಡು ನಿಮಿಷ. ಮೂರು ಗಂಟೆಯ ಅಭ್ಯಾಸವುಳ್ಳವರು ನಾಲ್ಕು ಹಾಡುಗಳನ್ನು ಕತ್ತರಿಸಿ ಹೊಂದಿಸಿ, ಆರಂಭ, ಏರಿಕೆ, ಮುಕ್ತಾಯಗಳೆಲ್ಲ ಇರುವ ಒಂದು ಪೂರ್ಣಾಕೃತಿಯನ್ನು ಆ ಹನ್ನೆರಡು ನಿಮಿಷಗಳಲ್ಲಿ ನಿಲ್ಲಿಸಿದರು. ಅದನ್ನು ನೋಡಿದ ಯಾರೂ ಇದು ಅರ್ಧಮರ್ಧವೆಂದು ಹೇಳಲಾರರು. ಹದಿನಾಲ್ಕು ವರ್ಷಗಳ ತರುವಾಯ, ಅದೇ ತಾರೀಖಿನಂದು, ಅದೇ ಟ್ಯಾಂಪಾದಲ್ಲಿ ಆರಂಭವಾದ ಪ್ರವಾಸದ ಮೇಲೆ ಮೋಟುತನದ ಆಕ್ಷೇಪ ಬಂದಿತೆಂಬುದನ್ನು ಇದರೊಡನೆ ನೆನೆಯಬೇಕು.

2012ರ ಆ ನಾಲ್ಕು ಗಂಟೆಗಳ ಅರ್ಥವೇನು? ಅದನ್ನು ಬರಿಯ ಶಕ್ತಿಪ್ರದರ್ಶನವೆಂದು ತಿಳಿಯುವುದು ಸ್ಥೂಲವಾದ ದೃಷ್ಟಿ. 2008ರ ಏಪ್ರಿಲಿನಲ್ಲಿ ತಂಡದ ಆರ್ಗನ್ ವಾದಕ ಡ್ಯಾನಿ ಫೆಡರಿಚಿ ತೀರಿಕೊಂಡಿದ್ದರು. 2011ರ ಜೂನಿನಲ್ಲಿ ಸ್ಯಾಕ್ಸೋಫೋನ್ ವಾದಕ ಕ್ಲಾರೆನ್ಸ್ ಕ್ಲೆಮನ್ಸ್ ತೀರಿಕೊಂಡರು. ನಾಲ್ಕು ದಶಕಗಳ ಕಾಲ ಸ್ಪ್ರಿಂಗ್‌ಸ್ಟೀನರ ಪಕ್ಕದಲ್ಲಿ ಪರ್ವತದಂತೆ ನಿಂತಿದ್ದ ಆ ಆಳಿಲ್ಲದೆ ಈ ತಂಡವನ್ನು ಯಾರೂ ಕಲ್ಪಿಸಿಕೊಂಡಿರಲಿಲ್ಲ. ಮರುವರ್ಷ ತಂಡ ಮತ್ತೆ ಹೊರಟಾಗ, ಕ್ಲೆಮನ್ಸರ ಸೋದರನ ಮಗ ಜೇಕ್ ಕ್ಲೆಮನ್ಸ್ ಸ್ಯಾಕ್ಸೋಫೋನ್ ಹಿಡಿದರು, ಕಹಳೆಗಳ ಸಾಲೊಂದು ಹಿಂದೆ ನಿಂತಿತು, ಪ್ರತಿ ರಾತ್ರಿ ಹಾಡಿನ ನಡುವೆ ಅಗಲಿದವರಿಗಾಗಿ ಒಂದು ಮೌನ ಇರುತ್ತಿತ್ತು. ಡ್ರಮ್ಸ್ ನುಡಿಸುವ ಮ್ಯಾಕ್ಸ್ ವೈನ್ಬರ್ಗರಿಗೆ ಆಗ ಅರವತ್ತೊಂದು ವರ್ಷ. ಎರಡು ವರ್ಷಗಳ ಕೆಳಗೆ ಹೃದಯದ ದೊಡ್ಡ ಶಸ್ತ್ರಚಿಕಿತ್ಸೆಯಾಗಿತ್ತು, ಕೈಗಳಿಗೆ ಹಲವು ಸಲ ಆಗಿತ್ತು. ಗಿಟಾರ್ ವಾದಕ ನಿಲ್ಸ್ ಲಾಫ್‌ಗ್ರನ್ ಎರಡೂ ಸೊಂಟದ ಕೀಲುಗಳನ್ನು 2008ರಲ್ಲಿ ಬದಲಾಯಿಸಿಕೊಂಡಿದ್ದರು. ಅಂಥ ದೇಹಗಳು ಹೆಲ್ಸಿಂಕಿಯಲ್ಲಿ ನಾಲ್ಕು ಗಂಟೆ ಆರು ನಿಮಿಷ ನಿಂತು ನುಡಿಸಿದವು. ಮುರಿದುಹೋದೀತೆಂದು ಲೋಕವೆಣಿಸಿದ್ದ ತಂಡವೊಂದು, ನಾವಿನ್ನೂ ಇದ್ದೇವೆಂದು ತನಗೂ ಲೋಕಕ್ಕೂ ಸಾರಿ ಹೇಳಿದ ಪರಿ ಅದು. ಶೋಕವನ್ನು ಸಮೂಹದಲ್ಲಿ ಕರಗಿಸಲು ಹೊತ್ತು ಬೇಕು. ಆ ಹೊತ್ತನ್ನು ಅವರು ತೆಗೆದುಕೊಂಡರು.

ಕಛೇರಿಯ ಉದ್ದ ಕಲಾವಿದನೊಬ್ಬನ ಅಧೀನವೂ ಅಲ್ಲ. ಹೆಲ್ಸಿಂಕಿಗೆ ಎರಡು ವಾರಗಳ ಹಿಂದೆ, ಜುಲೈ 14ರಂದು ಲಂಡನ್ನಿನ ಹೈಡ್ ಪಾರ್ಕಿನಲ್ಲಿ, ಪಾಲ್ ಮೆಕಾರ್ಟ್ನಿ ಅತಿಥಿಯಾಗಿ ಬಂದು ಜೊತೆಗೂಡಿ ಹಾಡಿದ ಸಂಭ್ರಮ ಮುಗಿಯುವಷ್ಟರಲ್ಲಿ ಅನುಮತಿಯ ಅವಧಿ ಮೀರಿತೆಂದು ವ್ಯವಸ್ಥಾಪಕರು ಧ್ವನಿವರ್ಧಕಗಳನ್ನು ಸ್ತಬ್ಧಗೊಳಿಸಿದರು. ಕೃತಜ್ಞತೆಯ ಮಾತು ಜನರಿಗೆ ಕೇಳಿಸಲಿಲ್ಲ. ನಗರದ ಮೇಯರ್ ಬೋರಿಸ್ ಜಾನ್ಸನ್ ಅವರೇ ಇದನ್ನು ಒಪ್ಪಲಿಲ್ಲ. ಆದರೂ ಉದ್ಯಾನದ ಸುತ್ತ ವಾಸಿಸುವವರಿಗೆ ನಿದ್ರೆಯ ಹಕ್ಕು ಇಲ್ಲವೆನ್ನಲಾಗದು. ನಮ್ಮ ದೇಶದಲ್ಲಿಯೂ 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ತೆರೆದ ಬಯಲಿನಲ್ಲಿ ಧ್ವನಿವರ್ಧಕ ಸಲ್ಲದು. ಬೆಂಗಳೂರಿನ ಅರಮನೆ ಮೈದಾನದಲ್ಲಿ ಕಛೇರಿ ಕೇಳಿದವರಿಗೆ ಆ ಹತ್ತು ಗಂಟೆಯ ಗಡಿ ಚೆನ್ನಾಗಿ ಗೊತ್ತು. ಹೀಗಿರಲಾಗಿ, ಒಂದು ಊರಿನ ನಾಲ್ಕು ಗಂಟೆಯನ್ನು ಮತ್ತೊಂದು ಊರಿನ ಮೂರು ಗಂಟೆಗೆ ಎದುರಾಗಿಟ್ಟು ಕಲಾವಿದನ ಮನಸ್ಸನ್ನು ಅಳೆಯುವುದು, ನದಿಯ ಬಲವನ್ನು ಅಣೆಕಟ್ಟಿನ ಬಾಗಿಲಿನಿಂದ ಅಳೆದಂತೆ.

2016ರಲ್ಲಿ ಉದ್ದಕ್ಕೆ ಬೇರೊಂದು ಕಾರಣ ಒದಗಿತು. ‘ದಿ ರಿವರ್’ ಆಲ್ಬಮ್ಮಿನ ಇಪ್ಪತ್ತು ಹಾಡುಗಳನ್ನೂ ಮೊದಲಿನಿಂದ ಕಡೆಯವರೆಗೆ ಹಾಡಿ, ಅನಂತರ ಉಳಿದ ಹಾಡುಗಳಿಗೆ ಬರುವುದೆಂಬ ಸಂಕಲ್ಪದಿಂದ ಆ ಪ್ರವಾಸ ಆರಂಭವಾಯಿತು. ಮೂರು ಗಂಟೆಯನ್ನು ದಾಟದೆ ಅದು ಮುಗಿಯುವಂತೆಯೇ ಇರಲಿಲ್ಲ. ಆ ಬೇಸಿಗೆಯ ಕೊನೆಗೆ ಸಂಕಲ್ಪ ಸಡಿಲವಾಗಿ, ಹಳೆಯ ಹಾಡುಗಳನ್ನು ಒಂದೊಂದಾಗಿ ಹೊರತೆಗೆಯುವ ಉಲ್ಲಾಸದಲ್ಲಿ ನ್ಯೂಜರ್ಸಿಯ ಕಛೇರಿಗಳು ನಾಲ್ಕು ಗಂಟೆಯನ್ನು ಮುಟ್ಟಿದವು. ಸೆಪ್ಟೆಂಬರ್ 7ರಂದು ಫಿಲಡೆಲ್ಫಿಯಾದಲ್ಲಿ ಅದನ್ನೂ ಕೆಲವು ನಿಮಿಷ ದಾಟಿ, ಅಮೆರಿಕದ ನೆಲದಲ್ಲಿ ಅವರ ದೀರ್ಘತಮ ಕಛೇರಿಯಾಯಿತು. ಸ್ಪ್ರಿಂಗ್‌ಸ್ಟೀನರಿಗೆ ಅರವತ್ತೇಳು ತುಂಬಲು ಇನ್ನು ಎರಡು ವಾರವಿತ್ತು. ಹುಟ್ಟಿದ ನಾಡಿನ ಸುತ್ತಮುತ್ತ, ಆ ಹಾಡುಗಳನ್ನು ಬಾಯಿಪಾಠ ಬಲ್ಲ ಜನರ ನಡುವೆ ಹಾಡುತ್ತಿರುವಾಗ, ನಿಲ್ಲಿಸುವುದೇ ಕಷ್ಟವಾಗಿದ್ದಿರಬೇಕು.

ಅಲ್ಲಿಂದ ಮುಂದೆ ಮಾರ್ಗ ತಿರುಗಿತು. 2017ರ ಅಕ್ಟೋಬರಿನಿಂದ ಮುಂದಿನ ವರ್ಷದ ಡಿಸೆಂಬರಿನವರೆಗೆ ನ್ಯೂಯಾರ್ಕಿನ ಬ್ರಾಡ್‌ವೇ ರಂಗಮಂದಿರವೊಂದರಲ್ಲಿ, ಸಾವಿರಕ್ಕೂ ಕಡಿಮೆ ಜನರ ಮುಂದೆ, ತಂಡವಿಲ್ಲದೆ, 236 ಬಾರಿ ಅವರು ತಮ್ಮ ಬಾಳಿನ ಕಥೆಯನ್ನು ಮಾತಿನಲ್ಲಿಯೂ ಹಾಡಿನಲ್ಲಿಯೂ ಹೇಳಿದರು. ಅಲ್ಲಿ ಪಾಠ ನಿಯತವಾಗಿತ್ತು. ಪ್ರತಿ ರಾತ್ರಿ ಹೊಸತನ್ನು ಹುಡುಕುವ ಬದಲು, ಒಂದನ್ನೇ ಪ್ರತಿ ರಾತ್ರಿ ಹೊಸತಾಗಿ ಹೇಳುವ ನಟನ ಶಿಸ್ತನ್ನು ಅವರು ಅಲ್ಲಿ ರೂಢಿಸಿಕೊಂಡರು. ಹದಿಹರೆಯದಲ್ಲಿ ತಮ್ಮನ್ನು ಮೊದಲ ಬ್ಯಾಂಡಿಗೆ ಸೇರಿಸಿಕೊಂಡಿದ್ದ ಜಾರ್ಜ್ ಥೈಸ್ 2018ರಲ್ಲಿ ತೀರಿಕೊಂಡಾಗ, ಆ ಬಾಲ್ಯದ ತಂಡದಲ್ಲಿ ಬದುಕುಳಿದವರು ತಾವೊಬ್ಬರೇ ಎಂಬ ಅರಿವು ಅವರನ್ನು ತಟ್ಟಿತು. ಅದರಿಂದ ಹುಟ್ಟಿದ ಹಾಡುಗಳು 2020ರ ‘ಲೆಟರ್ ಟು ಯು’ ಆಲ್ಬಮ್ಮಿನಲ್ಲಿವೆ. ಆರು ವರ್ಷಗಳ ಅಂತರದ ಮೇಲೆ 2023ರಲ್ಲಿ ತಂಡ ಮತ್ತೆ ಕೂಡಿ ಹೊರಟಾಗ ಆ ಕಛೇರಿಯ ವಸ್ತು ಅದೇ: ಮರಣ, ಸ್ಮೃತಿ, ಉಳಿದಿರುವ ದಿನಗಳ ಮೌಲ್ಯ. ನಡುವೆ ಒಂದೆಡೆ ಎಲ್ಲರೂ ಸುಮ್ಮನಾಗಿ, ಅವರು ಥೈಸರ ಮರಣಶಯ್ಯೆಯ ವಿಷಯವನ್ನು ಹೇಳಿ ಒಬ್ಬರೇ ಹಾಡುತ್ತಿದ್ದರು. ಕೊನೆಯಲ್ಲಿ ತಂಡವೆಲ್ಲ ಇಳಿದುಹೋದ ಮೇಲೆ, ಅಗಲಿದವರನ್ನು ಕನಸಿನಲ್ಲಿ ಕಾಣುವೆನೆಂಬ ಹಾಡಿನಿಂದ ಮುಗಿಸುತ್ತಿದ್ದರು. ಈ ನಡುವಣ ಹಾಡುಗಳ ಕ್ರಮ ಆಲೋಚಿಸಿ ಕಟ್ಟಿದುದು; ಒಂದನ್ನು ಕಿತ್ತು ಮತ್ತೊಂದನ್ನಿಟ್ಟರೆ ಅರ್ಥ ಕೆಡುವಂಥದು. ಇದು ನಾಲ್ಕು ಗಂಟೆ ನಡೆಯಬೇಕಾದ ಕಛೇರಿ ಮೂರಕ್ಕಿಳಿದದ್ದಲ್ಲ; ಬೇರೆಯೇ ಒಂದು ಕೃತಿ, ತನ್ನ ಉದ್ದವನ್ನು ತಾನೇ ನಿರ್ಣಯಿಸಿಕೊಂಡದ್ದು.

ಹನ್ನೊಂದನೆಯ ಶತಮಾನದ ಕಾಶ್ಮೀರದ ಆಲಂಕಾರಿಕ ಕ್ಷೇಮೇಂದ್ರನು ಔಚಿತ್ಯವೇ ಕಾವ್ಯದ ಜೀವವೆಂದು ಪ್ರತಿಪಾದಿಸಿ, ಅದನ್ನು ನೋಡಬೇಕಾದ ಸ್ಥಾನಗಳಲ್ಲಿ ದೇಶ, ಕಾಲ, ಅವಸ್ಥೆಗಳನ್ನೂ ಎಣಿಸಿದನು. ಅವನು ಹೇಳಿದ್ದು ಕಾವ್ಯವನ್ನು ಕುರಿತು. ಆದರೆ ಆ ಮೂರು ಸ್ಥಾನಗಳು ಈ ತಂಡದ ಇತಿಹಾಸಕ್ಕೆ ಅಕ್ಷರಶಃ ಹೊಂದುತ್ತವೆ. ಬರ್ಲಿನ್ನಿನಲ್ಲಿ ದೀರ್ಘವಾಗಿ, ದೆಹಲಿಯಲ್ಲಿ ಸಂಕ್ಷಿಪ್ತವಾಗಿ ಹಾಡಿದ್ದು ದೇಶದ ಔಚಿತ್ಯ. ಹೊಸ ವರ್ಷದ ರಾತ್ರಿಯ ಮೂವತ್ತೆಂಟು ಹಾಡೂ ಪಂದ್ಯದ ವಿರಾಮದ ನಾಲ್ಕು ಹಾಡೂ ಕಾಲದ ಔಚಿತ್ಯ. ಎಪ್ಪತ್ತಮೂರರ ಪ್ರಾಯದಲ್ಲಿ ಮೃತ್ಯುವನ್ನು ಕುರಿತು ಮೂರು ಗಂಟೆಯೊಳಗೆ, ಒಂದು ಮಾತೂ ಹೆಚ್ಚಾಗದಂತೆ ಹಾಡಿದ್ದು ಅವಸ್ಥೆಯ ಔಚಿತ್ಯ. ಇವುಗಳಲ್ಲಿ ಒಂದನ್ನು ಉಳಿದೆಲ್ಲವುಗಳ ಮಾನದಂಡವನ್ನಾಗಿ ಮಾಡುವವನು ಕೃತಿಯನ್ನು ಬಿಟ್ಟು ಅಂಕೆಯನ್ನು ಪೂಜಿಸಿದಂತಾಗುತ್ತದೆ.

ಇದಕ್ಕೆ ಎದುರಾಗಿ ಹೇಳಬಹುದಾದ ಎರಡು ಮಾತುಗಳುಂಟು. ಎರಡೂ ಗೌರವಕ್ಕೆ ಅರ್ಹವಾದವು. ಒಂದನೆಯದು ಆಕಸ್ಮಿಕದ ಆನಂದ. 2008ರ ಸುಮಾರಿನಿಂದ ಶ್ರೋತೃಗಳು ತಮಗೆ ಬೇಕಾದ ಹಾಡಿನ ಹೆಸರನ್ನು ರಟ್ಟಿನ ಮೇಲೆ ಬರೆದು ಎತ್ತಿ ಹಿಡಿಯುವುದೂ, ಸ್ಪ್ರಿಂಗ್‌ಸ್ಟೀನರು ಅವುಗಳನ್ನು ಜನರ ನಡುವಿನಿಂದ ಆಯ್ದು ತಂದು, ಎಷ್ಟೋ ವರ್ಷಗಳಿಂದ ಮುಟ್ಟದಿದ್ದ ಹಾಡನ್ನು ತಂಡಕ್ಕೆ ಸೂಚಿಸಿ ಆಗಿಂದಾಗಲೇ ನುಡಿಸುವುದೂ ಒಂದು ಸಂಪ್ರದಾಯವಾಗಿತ್ತು. 2023ರಲ್ಲಿ ಅದು ನಿಂತಿತು. ನಷ್ಟ ನಿಜ. ಆದರೆ ಆ ನಿಯತಕ್ರಮವೂ ಶಾಶ್ವತವಾಗಲಿಲ್ಲ. 2024ರಲ್ಲಿ ಹಾಡುಗಳು ಮತ್ತೆ ಬದಲಾಗತೊಡಗಿದವು, ಹೊತ್ತು ಮತ್ತೆ ಮೂರು ಗಂಟೆಯನ್ನು ಮುಟ್ಟಿತು, ಸೆಪ್ಟೆಂಬರ್ 15ರಂದು ಅವರು ಬೆಳೆದ ಆಸ್ಬರಿ ಪಾರ್ಕಿನ ಕಡಲತೀರದಲ್ಲಿಯೇ, ಎಪ್ಪತ್ತೈದು ತುಂಬುವ ಹೊಸ್ತಿಲಲ್ಲಿ, ಮೊದಲ ಆಲ್ಬಮ್ಮುಗಳ ಹಲವು ಹಾಡುಗಳನ್ನು ಹರಡಿಕೊಂಡು ದೀರ್ಘವಾಗಿ ಹಾಡಿದರು. ಹೇಳಬೇಕಾದುದನ್ನು ಹೇಳಿ ಮುಗಿಸಿದ ಮೇಲೆ ಕಟ್ಟು ತಾನಾಗಿ ಸಡಿಲವಾಯಿತೆಂಬುದು ಇದರಿಂದ ತಿಳಿಯುತ್ತದೆ.

ಎರಡನೆಯದು ಬೆಲೆ. 2022ರ ಜುಲೈಯಲ್ಲಿ ಈ ಪ್ರವಾಸದ ಟಿಕೆಟ್ಟುಗಳು ಮಾರಾಟಕ್ಕೆ ಬಂದಾಗ, ಬೇಡಿಕೆಗೆ ತಕ್ಕಂತೆ ಆ ಕ್ಷಣದಲ್ಲಿಯೇ ದರವೇರುವ ಪದ್ಧತಿಯಿಂದಾಗಿ ಕೆಲವು ಟಿಕೆಟ್ಟುಗಳ ಬೆಲೆ 4,000, 5,000 ಡಾಲರುಗಳಿಗೇರಿತು. ಕಾರ್ಮಿಕರ ಬಾಳನ್ನು ಹಾಡಿದವರ ಕಛೇರಿಗೆ ಕಾರ್ಮಿಕನು ಕಾಲಿಡಲಾರದಂತಾಯಿತೆಂಬ ನೋವು ಸಾಮಾನ್ಯವಾದುದಲ್ಲ. 1980ರಿಂದ ಈ ತಂಡವನ್ನು ಹಿಂಬಾಲಿಸಿ ಬರೆಯುತ್ತಿದ್ದ ‘ಬ್ಯಾಕ್‌ಸ್ಟ್ರೀಟ್ಸ್’ ಎಂಬ ಅಭಿಮಾನಿ ಪತ್ರಿಕೆ, ಈ ನಿರಾಶೆಯನ್ನು ಬಹಿರಂಗವಾಗಿ ಹೇಳಿ, 2023ರ ಫೆಬ್ರವರಿಯಲ್ಲಿ ಬಾಗಿಲು ಮುಚ್ಚಿತು. ಸ್ಪ್ರಿಂಗ್‌ಸ್ಟೀನರ ಸಮಾಧಾನವೂ ಇತ್ತು: ಆ ಹೆಚ್ಚಿನ ಹಣ ಕಾಳಸಂತೆಯವರಿಗೆ ಹೋಗುವ ಬದಲು ವೇದಿಕೆಯ ಮೇಲೆ ಬೆವರು ಸುರಿಸುವವರಿಗೆ ಬರಲಿ, ಅತೃಪ್ತರಾಗಿ ಹೊರಟವರು ಹಣವನ್ನು ಹಿಂದಕ್ಕೆ ಪಡೆಯಲಿ ಎಂಬ ಅರ್ಥದ ಮಾತನ್ನು ಅವರು ಸಂದರ್ಶನವೊಂದರಲ್ಲಿ ಆಡಿದರು. ಈ ಸಮಾಧಾನ ನನಗೆ ಸಾಲದು. ಹಣವಿದ್ದವನಿಗೆ ಅತೃಪ್ತಿಯ ಪ್ರಶ್ನೆ. ಹಣವಿಲ್ಲದವನಿಗೆ ಪ್ರವೇಶದ ಪ್ರಶ್ನೆ. ಬಾಗಿಲಿನ ಹೊರಗೆ ಉಳಿದವನಿಗೆ ಹಿಂದಿರುಗಿಸಲು ಏನಿದೆ?

ನಿಮಿಷಗಳನ್ನೆಣಿಸುವ ಅಭ್ಯಾಸದ ಸ್ವರೂಪ ಬದಲಾದದ್ದು ಇಲ್ಲಿಯೇ. ಹೆಲ್ಸಿಂಕಿಯ ನಾಲ್ಕು ಗಂಟೆ ಆರು ನಿಮಿಷಗಳನ್ನು ಅಭಿಮಾನಿಗಳು ಎಣಿಸಿದ್ದು ಹಬ್ಬದ ಮರುದಿನ ಹಬ್ಬವನ್ನು ಮತ್ತೆ ಮತ್ತೆ ಮಾತಾಡಿಕೊಳ್ಳುವ ಸುಖದಿಂದ. 2023ರಲ್ಲಿ ಎಣಿಸಿದ್ದು, ಕೊಟ್ಟ ಹಣಕ್ಕೆ ಬಂದ ಹಾಡು ಎಷ್ಟೆಂದು ಭಾಗಿಸಿ ನೋಡುವುದಕ್ಕೆ. ಮೊದಲನೆಯದು ರಸಿಕನ ಎಣಿಕೆ, ಎರಡನೆಯದು ಗಿರಾಕಿಯ ಎಣಿಕೆ. ರಸಿಕನನ್ನು ಗಿರಾಕಿಯನ್ನಾಗಿ ಮಾಡಿದ್ದು ಕಛೇರಿಯಲ್ಲ, ಬೆಲೆ. ಆದ್ದರಿಂದ ದೂರು ಬೆಲೆಯ ಮೇಲೆ ಹೋಗಬೇಕೇ ಹೊರತು ಗಡಿಯಾರದ ಮೇಲಲ್ಲ. ಇನ್ನೊಂದು ಗಂಟೆ ಹೆಚ್ಚು ಹಾಡಿದ್ದರೆ ಆ ಬೆಲೆ ನ್ಯಾಯವಾಗುತ್ತಿತ್ತೆ? ಇಲ್ಲ. ಹಾಗೆ ನಂಬಿದರೆ, ಸಂಗೀತವನ್ನು ಗಜಕ್ಕಿಷ್ಟೆಂದು ಅಳೆದು ಮಾರುವುದಕ್ಕೆ ನಾವೇ ಒಪ್ಪಿಗೆಯಿತ್ತಂತೆ.

ದೇಹದ ವಿಚಾರವನ್ನೂ ಮರೆಯುವಂತಿಲ್ಲ. 2023ರ ಸೆಪ್ಟೆಂಬರಿನಲ್ಲಿ ಜಠರದ ಹುಣ್ಣಿನ ಬಾಧೆಯಿಂದ ಸ್ಪ್ರಿಂಗ್‌ಸ್ಟೀನರು ಕಛೇರಿಗಳನ್ನು ಮುಂದೂಡಬೇಕಾಯಿತು. ಆ ವರ್ಷ ಉಳಿದಿದ್ದವೆಲ್ಲ ಮರುವರ್ಷಕ್ಕೆ ಹೋದವು. ಅವರಿಗಿಂತ ಹಿರಿಯರಾದ ರೋಲಿಂಗ್ ಸ್ಟೋನ್ಸ್, 2003ರ ಏಪ್ರಿಲಿನಲ್ಲಿ ನಮ್ಮ ಬೆಂಗಳೂರಿನ ಅರಮನೆ ಮೈದಾನದಲ್ಲಿ ಹಾಡಿ ಹೋದವರು, 2024ರ ಅಮೆರಿಕ ಪ್ರವಾಸದಲ್ಲಿ ಸುಮಾರು ಎರಡು ಗಂಟೆಗೆ ಕಛೇರಿಯನ್ನು ಮುಗಿಸುತ್ತಿದ್ದರು; ಮಿಕ್ ಜಾಗರ್ ಅವರಿಗೆ ಆಗ ಎಂಬತ್ತು ವರ್ಷ. ಐದು ವರ್ಷಗಳ ಕೆಳಗೆ ಹೃದಯದ ಕವಾಟಕ್ಕೆ ಚಿಕಿತ್ಸೆ ಮಾಡಿಸಿಕೊಂಡವರು ಅವರು. ಆ ಎರಡು ಗಂಟೆಗಳಲ್ಲಿ ಅವರು ತಮ್ಮನ್ನು ಪೂರ್ತಿಯಾಗಿ ಕೊಟ್ಟರಾದರೆ, ಅದಕ್ಕಿಂತ ಹೆಚ್ಚನ್ನು ಕೇಳುವ ಅಧಿಕಾರ ನಮಗೆಲ್ಲಿಂದ ಬಂದಿತು? ಯೌವನದಲ್ಲಿ ಮಾಡಿದ ಸಾಹಸವನ್ನು ವೃದ್ಧಾಪ್ಯದ ಮೇಲೆ ಸಾಲದಂತೆ ಹೊರಿಸುವುದು ಅಭಿಮಾನವಲ್ಲ, ಕ್ರೌರ್ಯ.

ಹಾಗಾದರೆ ಶ್ರೋತೃವು ಏನನ್ನು ಕೇಳಬಹುದು? ಮೂರನ್ನು ಕೇಳಬಹುದು, ಕೇಳಲೇಬೇಕು. ಕಛೇರಿಗೆ ಒಂದು ಆಕಾರವಿರಬೇಕು. ಆರಂಭಿಸಿದ್ದು ಮುಗಿದಾಗ ಮುಗಿದಂತೆ ತೋರಬೇಕು. ಹಾಡುವವರು ಆ ರಾತ್ರಿ ಅಲ್ಲಿ ಮನಸ್ಸಿಟ್ಟು ಹಾಡಬೇಕು; ನಿನ್ನೆಯ ಹಾಡನ್ನೇ ಹಾಡಿದರೂ ಇಂದಿನ ಜನರಿಗಾಗಿ ಹಾಡಬೇಕು. ಟಿಕೆಟ್ಟಿನ ಬೆಲೆ ಮೊದಲೇ ಗೊತ್ತಿರಬೇಕು, ಕೊಳ್ಳುವ ಕ್ಷಣದಲ್ಲಿ ಏರಬಾರದು, ಸಾಮಾನ್ಯನ ಕೈಗೆಟುಕುವ ಸ್ಥಳಗಳು ಪ್ರತಿ ಕಛೇರಿಯಲ್ಲಿಯೂ ಸಾಕಷ್ಟಿರಬೇಕು. ಇವು ಮೂರೂ ನಡೆದ ಕಡೆ ಎರಡು ಗಂಟೆಯೂ ಸಾರ್ಥಕ. ಇವು ಇಲ್ಲದ ಕಡೆ ನಾಲ್ಕು ಗಂಟೆಯೂ ಬರಿಯ ಹೊತ್ತು ಕಳೆಯುವಿಕೆ. ಇ ಸ್ಟ್ರೀಟ್ ಬ್ಯಾಂಡು ಮೊದಲೆರಡನ್ನು ಅರ್ಧ ಶತಮಾನ ತಪ್ಪದೆ ನಡೆಸಿಕೊಂಡು ಬಂದಿದೆ, ಮೂರನೆಯದರಲ್ಲಿ ಎಡವಿದೆ. ಅದನ್ನು ಪ್ರೀತಿಸುವವರು ಎತ್ತಿ ಹೇಳಬೇಕಾದ ತಪ್ಪು ಆ ಮೂರನೆಯದು. ಅದನ್ನು ತಿದ್ದಿಕೊಂಡು ಈ ತಂಡ ನಾಳೆ ಎರಡೇ ಗಂಟೆ ಹಾಡಿದರೂ, ಆ ಎರಡು ಗಂಟೆಯನ್ನು ಹೆಲ್ಸಿಂಕಿಯ ನಾಲ್ಕು ಗಂಟೆಯ ಪಕ್ಕದಲ್ಲಿ ಸಮಾನ ಗೌರವದಿಂದ ಬರೆದಿಡುವುದು ಅಭಿಮಾನಿಗಳ ಕರ್ತವ್ಯ.